ಟೋಪಿಯೊಳಗಿನ ಮಸೂರ

1928ರ ಫೆಬ್ರುವರಿ ತಿಂಗಳು. ಬರ್ಲಿನ್ನಿನ ನ್ಯಾಯಾಲಯವೊಂದರಲ್ಲಿ ಕೊಲೆ ಮೊಕದ್ದಮೆಯ ವಿಚಾರಣೆ ನಡೆದಿತ್ತು. ಕಟಕಟೆಯಲ್ಲಿ ನಿಂತವನು ಒಬ್ಬ ವಿದ್ಯಾರ್ಥಿ. ಇಡೀ ಜರ್ಮನಿಯ ಕುತೂಹಲ ಅತ್ತ ಹರಿದಿತ್ತು. ಒಳಗೆ ಕ್ಯಾಮೆರಾ ಒಯ್ಯುವುದಕ್ಕೆ ನಿಷೇಧವಿತ್ತು. ಆದರೂ ವಿಚಾರಣೆಯ ಚಿತ್ರಗಳು ಸಚಿತ್ರ ವಾರಪತ್ರಿಕೆಯಲ್ಲಿ ಅಚ್ಚಾದವು!

ಅವನ್ನು ತೆಗೆದವರು ಎರಿಕ್ ಸಾಲೊಮನ್. ಕಾನೂನಿನಲ್ಲಿ ಡಾಕ್ಟರೇಟ್ ಪಡೆದಿದ್ದ, 41 ವರ್ಷದ ಸಭ್ಯ ಗೃಹಸ್ಥ. ಟೋಪಿಗೊಂದು ತೂತು ಕೊರೆದು, ಅದರೊಳಗೆ 'ಎರ್ಮಾನಾಕ್ಸ್' ಎಂಬ ಪುಟ್ಟ ಕ್ಯಾಮೆರಾ ಅಡಗಿಸಿಟ್ಟು ಅವರು ಈ ಸಾಹಸ ಮಾಡಿದ್ದರು. ಸಿಕ್ಕಿಬಿದ್ದಾಗ ಬಳಸದ ಗಾಜಿನ ಫಲಕಗಳನ್ನು ಸಿಬ್ಬಂದಿಯ ಕೈಗಿತ್ತು ಪಾರಾದರೆಂಬ ಕಥೆಯೂ ಇದೆ.

ಟೋಪಿಯ ಉಪಾಯ ಯಾರಿಗಾದರೂ ಹೊಳೆಯಬಹುದಿತ್ತು. ಆದರೆ ಕೋಣೆಯ ಮಂದ ಬೆಳಕಿನಲ್ಲಿ ಚಿತ್ರ ಮೂಡಿದ್ದು ಹೇಗೆ?

ಹೊಗೆಯಿಂದ ಬಿಡುಗಡೆ

ಆ ಕಾಲದಲ್ಲಿ ಒಳಾಂಗಣದ ಫೋಟೊ ಎಂದರೆ ಮೆಗ್ನೀಸಿಯಂ ಪುಡಿಯ ಸ್ಫೋಟ. ಕಣ್ಣು ಕೋರೈಸುವ ಬೆಳಕು, ಹಿಂದೆಯೇ ದಟ್ಟ ಹೊಗೆ. ಎದುರಿಗಿದ್ದವರು ಬಿಗಿದುಕೊಂಡು ಕೂರುತ್ತಿದ್ದರು. ಪತ್ರಿಕೆಗಳಲ್ಲಿ ಬರುತ್ತಿದ್ದ ಗಣ್ಯರ ಚಿತ್ರಗಳೆಲ್ಲ ಗೊಂಬೆಗಳಂತೆ ಕಾಣುತ್ತಿದ್ದುದು ಇದೇ ಕಾರಣಕ್ಕೆ.

1924ರಲ್ಲಿ ಡ್ರೆಸ್ಡೆನ್ ನಗರದ ಎರ್ನೆಮನ್ ಕಂಪನಿ 'ಎರ್ನೊಸ್ಟಾರ್' ಎಂಬ ಮಸೂರವನ್ನು ಹೊರತಂದಿತು. ಇದರ ರೂವಾರಿ ಲುಡ್ವಿಗ್ ಬರ್ಟೆಲೆ ಆಗಿನ್ನೂ 23ರ ತರುಣ. ಮಸೂರದ ಸಂಗಮದೂರ 100 ಮಿಲಿಮೀಟರ್, ಶಕ್ತಿ ಎಫ್ 2. ಎಂದರೆ, ಬೆಳಕು ಒಳಬರುವ ಕಿಂಡಿಯ ಅಗಲ ಸಂಗಮದೂರದ ಅರ್ಧ, 50 ಮಿಲಿಮೀಟರ್. ಆಗ ಒಳ್ಳೆಯದೆನಿಸಿದ್ದ ಎಫ್ 4.5ರ ಮಸೂರಕ್ಕಿಂತ ಇದು ಐದು ಪಟ್ಟು ಬೆಳಕನ್ನು ಒಳಬಿಡುತ್ತಿತ್ತು. ಬೇಗ ಚಿತ್ರ ತೆಗೆಯಲು ನೆರವಾಗುವ ಇಂಥದ್ದನ್ನು ಛಾಯಾಗ್ರಾಹಕರು 'ಫಾಸ್ಟ್ ಲೆನ್ಸ್' ಎನ್ನುತ್ತಾರೆ. ಮುಂದೆ ಎಫ್ 1.8ರ, 85 ಮಿಲಿಮೀಟರಿನ ಎರ್ನೊಸ್ಟಾರ್ ಕೂಡ ಬಂತು.

ಎರ್ಮಾನಾಕ್ಸಿನ ಫಲಕದ ಅಳತೆ 4.5 x 6 ಸೆಂಟಿಮೀಟರ್. ಅಷ್ಟು ಚಿಕ್ಕ ಫಲಕಕ್ಕೆ ಈ ಸಂಗಮದೂರ ಹೆಚ್ಚುಕಡಿಮೆ 'ಸ್ಟ್ಯಾಂಡರ್ಡ್' ಎನ್ನಬಹುದಾದದ್ದು. ದೂರದ್ದನ್ನು ಬಹಳ ಹತ್ತಿರಕ್ಕೆ ಎಳೆಯದು, ಹತ್ತಿರದ್ದನ್ನು ದೂರ ತಳ್ಳದು. ಕೋಣೆಯಲ್ಲಿ ಕುಳಿತ ಮನುಷ್ಯನ ಕಣ್ಣಿಗೆ ಕಂಡಂತೆಯೇ ದೃಶ್ಯ ಮೂಡುತ್ತದೆ.

ವೇಗಕ್ಕೆ ತೆತ್ತ ಬೆಲೆ

ಬೆಳಕಿನ ಈ ಔದಾರ್ಯ ಪುಕ್ಕಟೆಯಾಗಿ ಬರಲಿಲ್ಲ. ಕಿಂಡಿ ಅಗಲವಾದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕಿರಿದಾಗುತ್ತದೆ. ಹತ್ತಡಿ ದೂರದಲ್ಲಿ ಕುಳಿತ ವ್ಯಕ್ತಿಯ ಮೇಲೆ ಫೋಕಸ್ ಮಾಡಿದರೆ, ಹಿಂದುಮುಂದಾಗಿ ಸರಿಸುಮಾರು ಒಂದು ಗೇಣು ಮಾತ್ರ ನಿಚ್ಚಳ, ಉಳಿದದ್ದು ಮಸುಕು. ಆತ ತುಸು ಬಾಗಿದರೂ ಕೆಟ್ಟಿತು. ಫಲಕಗಳ ಸಂವೇದನೆಯೂ ಕಡಿಮೆ. ಹಾಗಾಗಿ ಸಾಲೊಮನ್ ಬಹಳಷ್ಟು ಕಡೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಲೇಬೇಕಾಗುತ್ತಿತ್ತು. ಒಂದು ಚಿತ್ರ ತೆಗೆದ ಮೇಲೆ ಗಾಜಿನ ಫಲಕ ಬದಲಿಸಬೇಕು.

ಆದ್ದರಿಂದ ಅವರು ಕಾಯುತ್ತಿದ್ದರು. ಮಾತಿನ ನಡುವೆ ಎದುರಿನವರು ಕ್ಷಣ ಸ್ತಬ್ಧರಾಗುವುದನ್ನು, ಯೋಚನೆಯಲ್ಲಿ ಮುಳುಗುವುದನ್ನು ಕಾಯುತ್ತಿದ್ದರು. ಅವರ ಚಿತ್ರಗಳಲ್ಲಿ ರಾಜಕಾರಣಿಗಳು ಆಕಳಿಸುತ್ತಾರೆ, ತೂಕಡಿಸುತ್ತಾರೆ, ತಲೆಗೆ ತಲೆ ಕೊಟ್ಟು ಪಿಸುಗುಡುತ್ತಾರೆ. 1930ರ ಹೇಗ್ ಸಮ್ಮೇಳನದಲ್ಲಿ, ನಡುರಾತ್ರಿ ದಾಟಿದ ಮೇಲೂ ಚರ್ಚೆಗೆ ಕುಳಿತು ದಣಿದ ಮಂತ್ರಿಗಳ ಚಿತ್ರ ಇದಕ್ಕೆ ಸಾಕ್ಷಿ. ಮಸೂರ ವೇಗದ್ದು, ಅದನ್ನು ದುಡಿಸಿಕೊಂಡದ್ದು ಮಾತ್ರ ಮನುಷ್ಯನ ತಾಳ್ಮೆ.

ಅನುಮತಿಯಿಲ್ಲದೆ ತೆಗೆಯುವುದು ಸರಿಯೇ ಎಂಬ ಪ್ರಶ್ನೆ ಟೋಪಿಯ ಜತೆಗೇ ಹುಟ್ಟಿತು. ಅಧಿಕಾರಸ್ಥರ ಮುಖವಾಡದ ಹಿಂದೆ ಇಣುಕುವುದು ಒಂದು, ಕಟಕಟೆಯ ಹುಡುಗನ ಮುಖವನ್ನು ಕದಿಯುವುದು ಇನ್ನೊಂದು. ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇರುವ ಇಂದು ಆ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿದೆ.

ಉಳಿದದ್ದು

35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾಗಳು ಬಂದ ಮೇಲೆ ಎರ್ಮಾನಾಕ್ಸ್ ಹಿಂದೆ ಸರಿಯಿತು. ಬರ್ಟೆಲೆ ಎರ್ನೊಸ್ಟಾರಿನ ತತ್ವವನ್ನೇ ಬೆಳೆಸಿ, 1932ರಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾಕ್ಕೆ ಎಫ್ 1.5ರ, 50 ಮಿಲಿಮೀಟರಿನ 'ಸೊನ್ನಾರ್' ರೂಪಿಸಿದರು. ಎರ್ನೊಸ್ಟಾರ್ ಈಗ ಸಂಗ್ರಾಹಕರ ಅಪರೂಪದ ಸೊತ್ತು. ಅದನ್ನು ಇಂದಿನ ಕ್ಯಾಮೆರಾಕ್ಕೆ ಹೊಂದಿಸಿ ಬಳಸುವವರು ಹಳೆಯ ಪಾಠಗಳನ್ನೇ ಕಲಿಯಬೇಕು. ಗಾಜಿಗೆ ಪ್ರತಿಫಲನ ತಡೆಯುವ ಲೇಪನವಿಲ್ಲ; ಆ ತಂತ್ರ ಬಂದದ್ದು 1935ರಲ್ಲಿ. ಹಾಗಾಗಿ ದೀಪವೋ ಕಿಟಕಿಯೋ ಎದುರಿಗಿದ್ದರೆ ಚಿತ್ರದ ಮೇಲೆ ಮಂಜು ಕವಿಯುತ್ತದೆ. ಮಸೂರಕ್ಕೆ ಮರೆ ಕಟ್ಟಬೇಕು, ಫೋಕಸನ್ನು ಕೈಯಿಂದಲೇ ಕೂಡಿಸಬೇಕು, ಕಾಯಬೇಕು.

ಯಹೂದಿಯಾಗಿದ್ದ ಸಾಲೊಮನ್, ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಹಾಲೆಂಡಿಗೆ ಹೋದರು. ಆ ದೇಶವೂ ನಾಜಿಗಳ ಕೈವಶವಾದಾಗ ತಲೆಮರೆಸಿಕೊಂಡರು. ಯಾರೋ ಸುಳಿವು ಕೊಟ್ಟರು. ಟೋಪಿಯೊಳಗೆ ಕ್ಯಾಮೆರಾ ಅಡಗಿಸಿದ್ದ ಮನುಷ್ಯನಿಗೆ ತಾನು ಅಡಗಲು ಜಾಗ ಉಳಿಯಲಿಲ್ಲ. 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಅವರ ಕೊಲೆಯಾಯಿತು. ಪತ್ನಿ ಮತ್ತು ಕಿರಿಯ ಮಗನೂ ಬದುಕುಳಿಯಲಿಲ್ಲ.

1971ರಿಂದ ಜರ್ಮನಿಯ ಛಾಯಾಗ್ರಹಣ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ. ಆ ಮಂದ ಬೆಳಕಿನ ಕೋಣೆಗಳಲ್ಲಿ ತೂಕಡಿಸಿದ ಮಂತ್ರಿಗಳು ಮಾತ್ರ ಅವರ ಚಿತ್ರಗಳಲ್ಲಿ ಇನ್ನೂ ಹಾಗೆಯೇ ಕುಳಿತಿದ್ದಾರೆ.