ಬೆಟ್ಟದ ಮಣ್ಣು ಜಾರಿದರೆ ಮನೆಗೆ ಯಾರು ಹೊಣೆ?

ದಸರಾ ಗದ್ದಲ ಮುಗಿದು ಆನೆಗಳು ಕಾಡಿಗೆ ಹೊರಟವೆಂದರೆ ಮೈಸೂರಿಗೆ ಚಳಿ ಬಂತೆಂದೇ ಲೆಕ್ಕ. ಆದರೆ ಚಳಿಗೆ ಮುಂಚೆ ಹಿಂಗಾರು ಬಂದು ಒಂದು ಕೈ ನೋಡಿಕೊಂಡೇ ಹೋಗುತ್ತದೆ. 2021ರ ಅಕ್ಟೋಬರ್ ಮಳೆಯನ್ನು ಮೈಸೂರಿಗರು ಮರೆತಿಲ್ಲ. ಮುನ್ನೂರು ವರ್ಷಕ್ಕೂ ಮೇಲ್ಪಟ್ಟು ಅಲುಗಾಡದೆ ಕೂತಿರುವ ನಂದಿಯ ಹತ್ತಿರವೇ ಚಾಮುಂಡಿ ಬೆಟ್ಟದ ರಸ್ತೆಯ ಅಂಚು ಕುಸಿಯಿತು. ನವೆಂಬರ್‌ನಲ್ಲಿ ಮತ್ತೆ ಕುಸಿಯಿತು.

ರಸ್ತೆಯೇನೋ ಸರ್ಕಾರದ್ದು, ಇವತ್ತಲ್ಲ ನಾಳೆ ರಿಪೇರಿಯಾಗುತ್ತದೆ. ಬೆಟ್ಟದ ಮೇಲಿನ ಊರಿನ ಮನೆಗಳು, ತಪ್ಪಲಿನಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವ ಬಡಾವಣೆಗಳ ಮನೆಗಳು? ಅವುಗಳ ಗೋಡೆ ಬಿದ್ದರೆ ಗತಿ ಏನು?

ಸರ್ಕಾರ ಕೊಡೋದಿಲ್ವೇ?

ಕೊಡುತ್ತದೆ. ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂ. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ಕೈಯಿಂದ ಸೇರಿಸಿ 5 ಲಕ್ಷ ಘೋಷಿಸಿದ್ದೂ ಉಂಟು. ಪ್ರತಿ ಸಲವೂ ಹಾಗೇ ಆಗುತ್ತದೆಂದು ನಂಬಿ ಕೂರುವ ಹಾಗಿಲ್ಲ. 1.20 ಲಕ್ಷದಲ್ಲಿ ಈಗಿನ ಕಾಲದಲ್ಲಿ ಒಂದು ಕೋಣೆ ಎದ್ದು ನಿಂತರೆ ಅದೇ ಪುಣ್ಯ.

ಸ್ಕೂಟರಿಗೆ ವಿಮೆ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ, ಅದಕ್ಕೇ ಮಾಡಿಸುತ್ತೇವೆ. ಜನ್ಮವಿಡೀ ದುಡಿದು ಕಟ್ಟಿದ ಮನೆಗೆ ಮಾತ್ರ 'ತಾಯಿ ಚಾಮುಂಡಿ ಕಾಪಾಡ್ತಾಳೆ ಬಿಡಿ' ಅನ್ನುತ್ತೇವೆ!

ಏನಿದು ಗೃಹ ರಕ್ಷಾ?

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಜಾರಿಗೆ ಬಂತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಬಂಡೆ ಉರುಳುವುದು, ಮನೆ ಮೇಲೆ ಮರ ಬೀಳುವುದು ಎಲ್ಲಕ್ಕೂ ಇದರಲ್ಲಿ ರಕ್ಷಣೆ ಉಂಟು. ಕಾಂಪೌಂಡು, ತಡೆಗೋಡೆ, ನೀರಿನ ಟ್ಯಾಂಕುಗಳನ್ನೂ ಸೇರಿಸಬಹುದು. ಹತ್ತು ವರ್ಷದವರೆಗೆ ಒಮ್ಮೆಲೇ ಮಾಡಿಸಬಹುದು.

ಲೆಕ್ಕ ಸುಲಭ. ವಿಮೆ ಕಟ್ಟಡಕ್ಕೆ ಮಾತ್ರ, ನಿವೇಶನದ ಬೆಲೆಗಲ್ಲ. ಒಳಗಿನ ಅಳತೆಯಲ್ಲಿ ಹತ್ತು ಚದರದ ಮನೆ, ಕಟ್ಟುವ ಖರ್ಚು ಚದರಡಿಗೆ 2,000 ರೂ. ಎಂದಿಟ್ಟುಕೊಳ್ಳಿ. ವಿಮೆ ಮೊತ್ತ 20 ಲಕ್ಷ. ಪಾತ್ರೆ ಪಡಗ, ಬೀರು, ಟೀವಿ, ಫ್ರಿಜ್ಜಿಗೆಂದು ಅದರ ಶೇ. 20, ಅಂದರೆ 4 ಲಕ್ಷ, ತಾನಾಗಿಯೇ ಸೇರುತ್ತದೆ. ಇದಕ್ಕೆ ಮಿತಿ 10 ಲಕ್ಷ. ಒಡವೆ, ಬೆಳ್ಳಿ ಸಾಮಾನಿಗೆ ಮಾತ್ರ ಬೇರೆಯಾಗಿ ಬರೆಸಬೇಕು. ಪ್ರೀಮಿಯಂ ಕಂಪನಿಯಿಂದ ಕಂಪನಿಗೆ ಬೇರೆ. ನಾಲ್ಕು ಕಡೆ ವಿಚಾರಿಸುವುದು ಜಾಣತನ.

ಎಡವುವುದು ಇಲ್ಲೇ!

ಎಲ್ಲ ಬಿರುಕಿಗೂ ದುಡ್ಡು ಸಿಕ್ಕುವುದಿಲ್ಲ. ಹೊಸ ಕಟ್ಟಡ ಕೂತು ಬಿಟ್ಟ ಬಿರುಕು, ಕಳಪೆ ಕೆಲಸದಿಂದ ಆದ ನಷ್ಟ, ಮಣ್ಣು ತುಂಬಿಸಿ ಎತ್ತರಿಸಿದ ಜಾಗ ಕುಗ್ಗಿ ಆದ ನಷ್ಟ, ಪಕ್ಕದಲ್ಲಿ ಪಾಯ ಅಗೆದದ್ದರಿಂದ ಜಾರಿದ ಗೋಡೆ ಇವ್ಯಾವುವೂ ಭೂಕುಸಿತದ ಲೆಕ್ಕಕ್ಕೆ ಬರುವುದಿಲ್ಲ. ವರ್ಷಗಟ್ಟಲೆ ತಾರಸಿ ಸೋರಿ ಗೋಡೆ ಹಸಿಯಾದರೆ ಅದು ಮನೆಯವರ ತಲೆನೋವು. ಇಳಿಜಾರಿನಲ್ಲಿ ಮಣ್ಣು ಹೊಡೆಸಿ ಮಟ್ಟ ಮಾಡಿ ಮನೆ ಕಟ್ಟಿರುವವರು ಈ ಮಾತನ್ನು ಎರಡು ಸಲ ಓದಬೇಕು. ಅಂಥವರಿಗೆ ಮೊದಲ ವಿಮೆ ಎಂದರೆ ಗಟ್ಟಿ ತಡೆಗೋಡೆ ಮತ್ತು ನೀರು ಹರಿದುಹೋಗಲು ಸರಿಯಾದ ಚರಂಡಿ.

ಸಾಲದ ಮನೆಯವರು 'ಬ್ಯಾಂಕಿನವರೇ ಮಾಡಿಸಿದ್ದಾರೆ' ಎಂದು ಸುಮ್ಮನಾಗುವುದುಂಟು. ಅದು ಮನೆಯ ಮೇಲಿನ ವಿಮೆಯೋ, ಸಾಲಗಾರನ ಜೀವದ ಮೇಲಿನದೋ ಕಾಗದ ತೆಗೆದು ನೋಡಬೇಕು.

ಗೋಡೆ ಬಿದ್ದ ದಿನ

ಮೊದಲು ಜನ ಹೊರಗೆ ಬರಲಿ. ಆಮೇಲೆ ಫೋಟೋ ತೆಗೆದು ಕಂಪನಿಗೆ ತಕ್ಷಣ ತಿಳಿಸಬೇಕು. ಸರ್ವೇಯರ್ ನೋಡುವ ಮೊದಲೇ ಅವಶೇಷ ಎತ್ತಿಸಿ ಸಾಕ್ಷಿ ಕಳೆದುಕೊಳ್ಳಬಾರದು. ಕಂಪನಿ ಒಪ್ಪದಿದ್ದರೆ, ಲಿಖಿತ ದೂರಿಗೆ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಬಂತು? ಈ ಬಾರಿ ಹಿಂಗಾರಿಗೆ ಕೊಡೆ ಹುಡುಕುವಾಗ ಮನೆಯ ಕಾಗದಪತ್ರಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ ಒಳ್ಳೆಯದು.