ಕೆರೆಯ ಮೇಲೆ ತೇಲಿದ ದೂರದರ್ಶಕ



ಅರ್ಜಿ ಕೊಡಲು ಬರುವ ಪೋಷಕರು, ಮಗಳು ಫಿಸಿಕ್ಸ್ ಓದುತ್ತೇನೆ ಎನ್ನುತ್ತಾಳೆ, ಅದರಿಂದ ಏನು ಪ್ರಯೋಜನ ಎಂದು ನಮ್ಮನ್ನು ಕೇಳುವುದುಂಟು. ಉತ್ತರವಾಗಿ ನಮ್ಮ ರಾಜ್ಯದಲ್ಲೇ ನಡೆದ ಒಂದು ಕೆಲಸವನ್ನು ಇಲ್ಲಿ ತಿಳಿಸುತ್ತಿದ್ದೇವೆ.

ವಿಶ್ವದಲ್ಲಿ ಅತಿ ಹೆಚ್ಚಾಗಿರುವ ಮೂಲವಸ್ತು ಜಲಜನಕ. ನಕ್ಷತ್ರಗಳು ಹುಟ್ಟುವುದು ಈ ಅನಿಲದಿಂದಲೇ. ತಟಸ್ಥ ಜಲಜನಕ ಕಣ್ಣಿಗೆ ಕಾಣದು. ಆದರೆ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಸೂಸುತ್ತದೆ, ಹೀರುತ್ತದೆ. ದೂರದ ಗೆಲಕ್ಸಿಗಳ ಸುತ್ತ ಎಷ್ಟು ಅನಿಲವಿದೆ ಎಂದು ವಿಜ್ಞಾನಿಗಳು ನಕ್ಷೆ ಬರೆಯುವುದು ಈ ಅಲೆಯ ನೆರವಿನಿಂದ. ವಿಶ್ವ ಹಿಗ್ಗುತ್ತಿರುವುದರಿಂದ, ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಅಲೆ ನಮ್ಮನ್ನು ತಲುಪುವ ಹೊತ್ತಿಗೆ ನಾಲ್ಕೈದು ಮೀಟರಿನಷ್ಟು ಉದ್ದವಾಗಿರುತ್ತದೆ. ರೇಡಿಯೋದ ಎಫ್‌ಎಂ ಪಟ್ಟಿಗಿಂತ ಸ್ವಲ್ಪ ಕೆಳಗೆ ಅದನ್ನು ಹುಡುಕಬೇಕು. ಅಲ್ಲಿ ಆಕಾಶದ ಇತರ ಸದ್ದು ಅದಕ್ಕಿಂತ ಸಾವಿರಾರು ಪಟ್ಟು ಜೋರು.

ಆ ಗುರುತು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಪ್ರಕಟಿಸಿತು. ಆಸ್ಟ್ರೇಲಿಯಾದ ಒಣನೆಲದಲ್ಲಿಟ್ಟಿದ್ದ ಅವರ ಉಪಕರಣದ ಹೆಸರು ಎಡ್ಜಸ್. ಸಿಕ್ಕಿದ ಗುರುತು ನಿರೀಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚು ಆಳವಾಗಿತ್ತು. ಅದು ನಿಜವಾದರೆ ಭೌತಶಾಸ್ತ್ರವನ್ನೇ ತಿದ್ದಬೇಕಾಗುತ್ತಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಲು ಹೊರಟರು. ತಾವೇ ಕಟ್ಟಿದ ಸಾರಸ್-3 ಎಂಬ ರೇಡಿಯೋ ದೂರದರ್ಶಕವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು.

ನೀರೇ ಏಕೆ? ತೋಟದಲ್ಲಿ ಬೋರ್ ಕೊರೆಸಿದ ನಮ್ಮವರಿಗೆ ಇದು ಬೇಗ ತಿಳಿಯುತ್ತದೆ. ಕೆಂಪುಮಣ್ಣು, ಜಲ್ಲಿ, ಬಂಡೆ ಎಂದು ನೆಲ ಅಡಿಅಡಿಗೂ ಬದಲಾಗುತ್ತದೆ. ಒಂದೊಂದು ಪದರವೂ ಅಲೆಯನ್ನು ಒಂದೊಂದು ರೀತಿ ಹಿಂದಿರುಗಿಸಿ ಅಳತೆಯನ್ನು ಕೆಡಿಸಬಲ್ಲದು. ಬೋರನಕಣಿವೆಯಲ್ಲಿ ನಾವು ನೋಡುವಂಥ ನಿಂತ ನೀರು ಮೇಲಿಂದ ಕೆಳಗಿನವರೆಗೆ ಒಂದೇ ಸಮ. ಜೊತೆಗೆ ಊರಿನಿಂದ ದೂರದ ನೀರಿನ ಮೇಲೆ ಎಫ್‌ಎಂ ಕೇಂದ್ರಗಳ ಗಲಾಟೆಯೂ ಕಡಿಮೆ.

ಫಲಿತಾಂಶ 2022ರ ಫೆಬ್ರವರಿಯಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಬಂತು. ಎಡ್ಜಸ್ ಹೇಳಿದ ಗುರುತು ಸಾರಸ್-3ಕ್ಕೆ ಕಾಣಲಿಲ್ಲ. ಶೇ 95.3ರಷ್ಟು ಖಚಿತತೆಯಿಂದ ತಂಡ ಅದನ್ನು ತಳ್ಳಿಹಾಕಿತು. ಮೊದಲ ನಕ್ಷತ್ರಗಳ ನಿಜವಾದ ಗುರುತಿಗಾಗಿ ಹುಡುಕಾಟ ಮುಂದುವರಿದಿದೆ.

"ಸಿಗಲಿಲ್ಲ" ಎಂಬುದೂ ಒಂದು ಸಾಧನೆಯೇ? ಹೌದು. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಚೀಲದ ತೂಕದ ಮೇಲೆ ಅನುಮಾನ ಬಂದರೆ ಇನ್ನೊಂದು ತಕ್ಕಡಿಗೆ ಹಾಕಿ ನೋಡುತ್ತೇವೆ. ದೊಡ್ಡವರು ಹೇಳಿದ್ದನ್ನೂ ಹಾಗೆ ತೂಗಿ ನೋಡಬಲ್ಲ ಮಕ್ಕಳು ನಮ್ಮಲ್ಲೂ ಬೇಕು.

ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ: ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಬಯಸುವ ಮಕ್ಕಳನ್ನು ತಡೆಯಬೇಡಿ. ಮುಂದೆ ರಾಮನ್ ಸಂಸ್ಥೆಯಂಥ ಕಡೆ ಪಿಎಚ್‌.ಡಿ.ಗೆ ಆಯ್ಕೆಯಾದವರಿಗೆ ಫೆಲೋಶಿಪ್ ಹಣ ಸಿಗುತ್ತದೆ. ಕಷ್ಟವಿರುವುದು ಅಲ್ಲಿಯವರೆಗಿನ ಬಿ.ಎಸ್ಸಿ., ಎಂ.ಎಸ್ಸಿ. ವರ್ಷಗಳಲ್ಲಿ. ದಾನಿಗಳೇ, ನಿಮ್ಮ ನೆರವು ಬೇಕಾಗಿರುವುದು ಆ ವರ್ಷಗಳಿಗೇ.