ಟಿಕೀಟು ಹರಿಯಲಿಲ್ಲ, ತಬಲಾ ಮಾತಾಡಲಿಲ್ಲ!

(ನಮ್ಮ ವರದಿಗಾರರಿಂದ)

ಚಿಕ್ಕೋಡಿ: ಪೋಸ್ಟರು ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿ ಹದಿನೈದು ದಿನ ಆಯಿತು. ರಿಕ್ಷಾಕ್ಕೆ ಭೋಂಗಾ ಕಟ್ಟಿ ಊರ ತುಂಬ ಒದರಿದ್ದೂ ಆಯಿತು. ಹಾಡುವವರ ಫೋಟೋ ದೊಡ್ಡದು, ಅಡಿಯಲ್ಲಿ “ಟಿಕೀಟು ಸಿಗುವ ಸ್ಥಳ” ಅಂತ ನಾಲ್ಕು ಅಂಗಡಿಗಳ ಹೆಸರು. ಆ ನಾಲ್ಕರಲ್ಲಿ ಯಾವ ಅಂಗಡಿಗೆ ಹೋಗಿ ಕೇಳಿದರೂ ಟಿಕೀಟಿನ ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತಿರುತ್ತದೆ, ಮದುವೆ ಆಗದ ಮಗಳ ಹಾಗೆ.

“ಸಾವಕಾರ್ರ, ಎರಡು ಟಿಕೀಟು ಹರೀಲೇನ್ರಿ?”

“ಹರೀವಂತ ತಡೀಪಾ. ಇನ್ನೂ ಎಂಟ ದಿನ ಐತಿ. ಟಿಕೀಟ ಎಲ್ಲಿ ಓಡಿ ಹೊಕ್ಕಾವ?”

ಟಿಕೀಟು ಎಲ್ಲಿಗೂ ಓಡಿ ಹೋಗುವುದಿಲ್ಲ, ಖರೆ. ಓಡಿ ಹೋಗುವವನು ಕಾರ್ಯಕ್ರಮ ಇಟ್ಟವನು! ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕಿನಲ್ಲಿ ರಸಮಂಜರಿ ಇರಲಿ, ಸಂಗೀತ ಸಂಜೆ ಇರಲಿ, ಕಂಪನಿ ನಾಟಕ ಇರಲಿ, ರೊಕ್ಕ ಕೊಟ್ಟು ನೋಡುವ ಆಟಕ್ಕೆ ಇದೇ ಗತಿ. ಕೊನೆಯ ದಿನ ಸಂಜೆ ತನಕ ಯಾರೂ ಕಿಸೆಗೆ ಕೈ ಹಾಕುವುದಿಲ್ಲ. ಅದರಿಂದ ಏನೇನು ಆಗುತ್ತದೆ ಅನ್ನುವುದೇ ಇವತ್ತಿನ ಮಾತು.

ಒಂದು ಲೆಕ್ಕ ಹಿಡಿಯೋಣ

ಇದು ತಿಳಿಯಲಿ ಅಂತ ಹಿಡಿದ ಲೆಕ್ಕ, ಯಾರ ವಹಿಯಿಂದಲೂ ತೆಗೆದದ್ದಲ್ಲ. ಕುರ್ಚಿ 1000, ಟಿಕೀಟಿಗೆ 200 ರೂಪಾಯಿ. ಎಲ್ಲ ಹರಿದರೆ 2 ಲಕ್ಷ. ಖರ್ಚು ನೋಡಿರಿ: ಕಲಾವಿದರಿಗೆ 90 ಸಾವಿರ, ಸೌಂಡು ಮತ್ತು ಲೈಟಿಗೆ 45 ಸಾವಿರ, ಪೆಂಡಾಲು ಕುರ್ಚಿಗೆ 30 ಸಾವಿರ, ಪೋಸ್ಟರು, ಪರವಾನಗಿ, ರಿಕ್ಷಾ ಅಂತ 15 ಸಾವಿರ. ಕೂಡಿಸಿದರೆ 1 ಲಕ್ಷ 80 ಸಾವಿರ. ಅಂದರೆ 900 ಟಿಕೀಟು ಹರಿದ ಮೇಲೆಯೇ ಮನುಷ್ಯ ಸಮ ಆಗುತ್ತಾನೆ. ಲಾಭದ ಮಾತು ಆಮೇಲೆ.

ಇದರಲ್ಲಿ ಅರ್ಧದಷ್ಟು, 90 ಸಾವಿರ, ಆಟಕ್ಕೆ ಮೊದಲೇ ಅಡ್ವಾನ್ಸ್ ಕೊಡಬೇಕು ಅನ್ನಿರಿ. ವಾರ ಮೊದಲು ಹರಿದದ್ದು 150 ಟಿಕೀಟು, ಬಂದದ್ದು 30 ಸಾವಿರ. ಉಳಿದ 60 ಸಾವಿರ ಎಲ್ಲಿಂದ ತರೋದು? ನೂರಕ್ಕೆ ತಿಂಗಳಿಗೆ ಐದರ ಬಡ್ಡಿ ಅಂದರೂ 3 ಸಾವಿರ ಬಡ್ಡಿಗೇ ಹೋಯಿತು. ಆಟದ ದಿನ ಗೇಟಿನಲ್ಲಿ ಮತ್ತೆ 450 ಜನ ಬಂದರು ಅಂತ ಹಿಡಿಯಿರಿ. ಒಟ್ಟು 600 ಟಿಕೀಟು, 1 ಲಕ್ಷ 20 ಸಾವಿರ. ಪೆಂಡಾಲು ನೋಡಿದವರು “ಏನ್ ಮಂದಿ ಕೂಡಿತ್ತಪಾ, ರೊಕ್ಕ ಹೊಡಕೊಂಡ” ಅನ್ನುತ್ತಾರೆ. ಅವನು ಮಾತ್ರ 60 ಸಾವಿರ ಕೈಯಿಂದ ಹಾಕಿ, ಮೇಲೆ ಬಡ್ಡಿಯನ್ನೂ ಹೊತ್ತುಕೊಂಡು ಮನೆಗೆ ಹೋಗಿರುತ್ತಾನೆ.

ಟಿಕೀಟಿನ ದರ 500 ರೂಪಾಯಿ ದಾಟದಿದ್ದರೆ ಇಂಥ ಸಂಗೀತ, ನಾಟಕಕ್ಕೆ ಜಿ.ಎಸ್.ಟಿ. ಇಲ್ಲ. ಅಷ್ಟು ಪುಣ್ಯ. ಆದರೆ ತೆರಿಗೆ ಇಲ್ಲದ ಮಾತ್ರಕ್ಕೆ ಟಿಕೀಟು ತಾನಾಗಿ ಹರಿಯುವುದಿಲ್ಲವಲ್ಲ!

ಮೊದಲು ಕೊಂಡವನಿಗೇ ಶಿಕ್ಷೆ

ಕೈಯಲ್ಲಿ ರೊಕ್ಕ ಇಲ್ಲದವನು ಮೊದಲು ಕತ್ತರಿ ಹಾಕುವುದು ವಾದ್ಯದವರಿಗೆ. ತಬಲಾದವನು ಬೇಡ, ಕೀಬೋರ್ಡಿನಲ್ಲೇ ತಾಳ ಬಾರಿಸೋಣ. ಕೊಳಲಿನವನು ಬೇಡ, ಟ್ರ್ಯಾಕ್ ಹಾಕೋಣ. ದೊಡ್ಡ ಸೌಂಡು ಬೇಡ, ಊರಿನದೇ ಸಾಕು. ಹೀಗೆ ಪೋಸ್ಟರಿನಲ್ಲಿ ಹನ್ನೆರಡು ಜನ ಇದ್ದ ತಂಡ ಸ್ಟೇಜಿನ ಮೇಲೆ ಐದಾಗುತ್ತದೆ.

ಆಮೇಲೆ ವೇಳೆ. ಏಳು ಗಂಟೆಗೆ ಸುರು ಅಂತ ಬರೆದಿರುತ್ತಾರೆ. ಏಳಕ್ಕೆ ಅರ್ಧ ಕುರ್ಚಿ ಖಾಲಿ. ಗೇಟಿನಲ್ಲಿ ಇನ್ನೂ ನಾಲ್ಕು ಟಿಕೀಟು ಹರಿದಾವು ಅನ್ನುವ ಆಸೆಗೆ “ಹಲೋ ಮೈಕ್ ಟೆಸ್ಟಿಂಗ್” ಅನ್ನುತ್ತ ಎಂಟೂವರೆ ಮಾಡುತ್ತಾರೆ. ಆದರೆ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವ ಹಾಗಿಲ್ಲ. ಹಬ್ಬ, ಉತ್ಸವ ಅಂತ ಸರ್ಕಾರ 12ರ ತನಕ ಸಡಿಲು ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಅಂದ ಮೇಲೆ ಮೂರು ತಾಸಿನ ಹಾಡು ಒಂದೂವರೆ ತಾಸಿಗೆ ಬಂತು.

ಇದರಲ್ಲಿ ಪೆಟ್ಟು ಯಾರಿಗೆ? ಎಂಟು ದಿನ ಮೊದಲೇ ಟಿಕೀಟು ಕೊಂಡು, ಮಕ್ಕಳು ಮರಿ ಕಟ್ಟಿಕೊಂಡು ಆರೂವರೆಗೇ ಬಂದು ಕೂತವನಿಗೆ. ತಡವಾಗಿ ಬಂದವನಿಗೆ ಏನೂ ನಷ್ಟ ಇಲ್ಲ. ಮುಂದಿನ ಸಲ ಈ ಶಾಣ್ಯಾ ಮನುಷ್ಯನೂ ಗೇಟಿನಲ್ಲೇ ನೋಡೋಣ ಅನ್ನುತ್ತಾನೆ. ತಪ್ಪು ಅವನದಲ್ಲ, ನಾವೇ ಕಲಿಸಿದ ಪಾಠ.

ಜನ ಯಾಕೆ ಕಾಯುತ್ತಾರೆ?

ಮಂದಿಗೆ ಹಾಡು ಬೇಡ ಅಂತಲ್ಲ. ಕಾರಣ ಬೇರೆ ಇವೆ.

ಒಂದು, ಕಬ್ಬಿನ ಬಿಲ್ಲು. ಅಥಣಿ, ಕಾಗವಾಡ, ರಾಯಬಾಗ ಕಡೆ ರೊಕ್ಕ ಓಡಾಡುವುದೇ ಕಬ್ಬಿನ ಬಿಲ್ಲು ಬಂದಾಗ. ಕಬ್ಬು ಹಾಕಿದ 14 ದಿನದಲ್ಲಿ ಬಿಲ್ಲು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡ ಆದರೆ ಕಿರಾಣಿ ಅಂಗಡಿ ಉದ್ರಿ ತಡ, ಸಾಲಿ ಫೀ ತಡ. ಟಿಕೀಟು ಆ ಸಾಲಿನಲ್ಲಿ ಕಟ್ಟಕಡೆಗೆ ನಿಂತಿರುತ್ತದೆ.

ಎರಡು, ಬಸ್ಸು. ಹಳ್ಳಿಯವನು ಮೊದಲು ನೆನೆಸುವುದು ಹಾಡುವವನನ್ನಲ್ಲ, ವಸ್ತಿ ಬಸ್ಸನ್ನು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು ಪುಕ್ಕಟೆ ಆಯಿತು. ಆದರೆ ಹಾಡು ಮುಗಿಯುವ ಹೊತ್ತಿಗೆ ಬಸ್ಸೇ ಇಲ್ಲ ಅಂದರೆ ಪುಕ್ಕಟೆ ತಗೊಂಡು ಏನು ಮಾಡೋದು?

ಮೂರು, ಪಾಸು. ಊರಿನ ಮುಖಂಡರಿಗೆ ಪಾಸು, ಅವರ ಬೆನ್ನಿಗೆ ಬಂದವರಿಗೆ ಪಾಸು, ಪತ್ರಿಕೆಯವರಿಗೂ ಪಾಸು. (ಈ ವರದಿಗಾರನೂ ಅನೇಕ ಸಲ ಪಾಸಿನಲ್ಲೇ ಕೂತವನು, ಸುಳ್ಳು ಯಾಕೆ ಹೇಳಲಿ.) ಮುಂದಿನ ಮೂರು ಸಾಲು ಪುಕ್ಕಟೆಯವರಿಗೆ ಹೋದರೆ ರೊಕ್ಕ ಕೊಟ್ಟವನು ನಾಲ್ಕನೇ ಸಾಲಿನಲ್ಲಿ ಕೂತು ಅವರ ತಲೆ ನೋಡಬೇಕು.

ನಾಲ್ಕನೆಯದೇ ದೊಡ್ಡದು, ಭರವಸೆ. ಕಾರ್ಯಕ್ರಮ ರದ್ದಾದರೆ ರೊಕ್ಕ ವಾಪಸು ಬರುತ್ತದೋ ಇಲ್ಲವೋ?

ನನ್ನ ಕೈಯ ಪುಸ್ತಕ

ಇದು ನನ್ನದೇ ಕಥೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಬೈಸಿಕೊಳ್ಳುತ್ತ ಕೂತಿದ್ದ ವರ್ಷ ಒಂದು ತಂಡದವರು 20 ಟಿಕೀಟಿನ ಪುಸ್ತಕ ಕೈಗೆ ಕೊಟ್ಟರು. ಹತ್ತಕ್ಕೆ ಒಂದು ನನ್ನ ಕಮಿಶನ್ನು. ಹದಿನೈದು ದಿನ ತಿರುಗಿ ಹರಿದದ್ದು ಏಳು. ಅದೂ ಗೆಳೆಯರು, ಸೋದರಮಾವ, ನಮ್ಮ ಓಣಿಯ ಹಾಲಿನವರು. ಉಳಿದವರ ಪುಸ್ತಕವೂ ಅಷ್ಟೇ ಇತ್ತಂತೆ. ಹಿಂದಿನ ದಿನ ಕಾರ್ಯಕ್ರಮ ರದ್ದು. ಪುಸ್ತಕ ಕೊಟ್ಟವರು ಫೋನು ಎತ್ತಲಿಲ್ಲ.

ಏಳು ಜನರ ರೊಕ್ಕ ನಾನೇ ತಿರುಗಿ ಕೊಟ್ಟೆ, ಮೂರು ತಿಂಗಳು ಹಿಡಿಯಿತು. ಹಾಲಿನವರು ಕೇಳಲೇ ಇಲ್ಲ. ಆದರೆ ಅವರ ಮುಂದೆ ಹಾಯುವಾಗ ನನಗೇ ಕಣ್ಣು ಕೆಳಗಾಗುತ್ತಿತ್ತು. ಅಂಗಡಿಕಾರರೇ, ನಿಮ್ಮ ಗತಿಯೂ ಇದೇ ಅಲ್ಲವೇ? ಆಟ ನಿಂತರೆ ಜನ ಸಂಘಟಕನ ಮನೆ ಹುಡುಕಿಕೊಂಡು ಹೋಗುವುದಿಲ್ಲ. “ನಿಮ್ಮ ಅಂಗಡ್ಯಾಗ ತಗೊಂಡಿದ್ನೆಲ್ರಿ” ಅಂತ ನಿಮ್ಮ ಕಟ್ಟೆಯನ್ನೇ ಹತ್ತುತ್ತಾರೆ.

ಹಳೆಯ ರೋಗ

ಇದು ನಿನ್ನೆ ಮೊನ್ನೆ ಹುಟ್ಟಿದ ತ್ರಾಸಲ್ಲ. ಕಾಗವಾಡದಿಂದ ಮೀರಜ ದಾಟಿದರೆ ಸಾಂಗಲಿ. ಅಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ಸಂಸ್ಥಾನಿಕರ ಆಸರೆಯಲ್ಲಿ ನಾಟಕ ಆಡಿದರು. 1851ರಲ್ಲಿ ದೊರೆ ಚಿಂತಾಮಣರಾವ್ ಪಟವರ್ಧನರು ತೀರಿಹೋದರು, ಆಸರೆ ಹೋಯಿತು. ಭಾವೆ ತಂಡ ಕಟ್ಟಿಕೊಂಡು ಊರೂರು ತಿರುಗಬೇಕಾಯಿತು, 1853ರಲ್ಲಿ ಮುಂಬಯಿಯಲ್ಲಿ ಟಿಕೀಟು ಹಚ್ಚಿ ಆಡಿದರು. ಅರಸನ ಖಜಾನೆ ಹೋಗಿ ಪ್ರೇಕ್ಷಕನ ಕಿಸೆ ಬಂತು. ಅಂದಿನಿಂದ ಕಲಾವಿದನ ಅನ್ನ ನಮ್ಮ ನಿಮ್ಮ ಕಿಸೆಯಲ್ಲಿದೆ.

1921ರ ಜುಲೈ 8ರಂದು ಮುಂಬಯಿಯಲ್ಲಿ ಬಾಲಗಂಧರ್ವರೂ ಕೊಲ್ಹಾಪುರದ ಕೇಶವರಾವ್ ಭೋಸಲೆಯವರೂ ತಿಲಕ್ ಸ್ವರಾಜ್ಯ ನಿಧಿಗಾಗಿ ಒಂದೇ ರಂಗದ ಮೇಲೆ “ಮಾನಾಪಮಾನ” ಆಡಿದಾಗ ಜನ ಟಿಕೀಟಿಗೆ ಮುಗಿಬಿದ್ದರು. ಅದೇ ಬಾಲಗಂಧರ್ವರ ಕಂಪನಿ ಸಾಲದಲ್ಲಿ ಮುಳುಗಿದ್ದೂ ಉಂಟು. ನಮ್ಮ ಜಿಲ್ಲೆಯ ಏಣಗಿ ಬಾಳಪ್ಪನವರು (1914–2017) ಕಲಾವೈಭವ ನಾಟ್ಯ ಸಂಘ ಕಟ್ಟಿಕೊಂಡು ಊರೂರು ಕ್ಯಾಂಪು ಹಾಕಿ ದಶಕಗಟ್ಟಲೆ ನಡೆಸಿದರು. ಕಂಪನಿಯವರಿಗೆ ಒಂದು ಅನುಕೂಲ ಇತ್ತು: ಇವತ್ತು ಗಲ್ಲಾ ಕಡಿಮೆ ಆದರೆ ನಾಳೆ ಮತ್ತೆ ಆಟ. ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ಕಂಪನಿಗಳು ಹೋಗುವುದು ಅದಕ್ಕೇ, ಮಂದಿ ತಾನಾಗಿ ಬಂದಿರುತ್ತದೆ. ಒಂದೇ ರಾತ್ರಿಯ ರಸಮಂಜರಿಗೆ ಆ ನಾಳೆ ಇಲ್ಲ.

ದೊಡ್ಡವರ ಕಥೆಯೂ ಇಷ್ಟೇ. 2025ರ ಜನವರಿಯಲ್ಲಿ ಅಹಮದಾಬಾದಿನಲ್ಲಿ ಹಾಡಿದ ಇಂಗ್ಲೆಂಡಿನ ಕೋಲ್ಡ್‌ಪ್ಲೇ ತಂಡಕ್ಕೆ ಜನ ತಿಂಗಳುಗಟ್ಟಲೆ ಮೊದಲೇ ಮೊಬೈಲಿನಲ್ಲಿ ಟಿಕೀಟಿಗೆ ಜಗಳಾಡಿದರು. ಅದರ ಹಿಂದಿನ ವರ್ಷವೇ, 2024ರ ಮೇ ತಿಂಗಳಲ್ಲಿ, ಅಮೆರಿಕದ ಹೆಸರುವಾಸಿ ತಂಡ ಬ್ಲ್ಯಾಕ್ ಕೀಸ್ ತನ್ನ ದೇಶದಲ್ಲೇ ದೊಡ್ಡ ದೊಡ್ಡ ಸಭಾಂಗಣಗಳ ಪ್ರವಾಸ ರದ್ದು ಮಾಡಿತು. ಹೆಸರಿದ್ದವನಿಗೇ ಹೀಗಾದರೆ ನಮ್ಮೂರ ಹಾಡುವ ಹುಡುಗನ ಪಾಡು ಕೇಳುವವರಾರು?

ಏನು ಮಾಡಬೇಕು?

ಸಂಘಟಕರಿಗೆ ನಾಲ್ಕು ಮಾತು. ಹೇಳಿದ ಹೊತ್ತಿಗೆ ಸುರು ಮಾಡಿರಿ, ಹತ್ತೇ ಜನ ಇದ್ದರೂ ಚಿಂತೆಯಿಲ್ಲ. ಮುಂದಿನ ಸಾಲು ಮೊದಲು ಕೊಂಡವರಿಗೆ ಇಡಿರಿ, ಪಾಸಿನವರು ಹಿಂದೆ ಕೂರಲಿ. ಆಟ ನಿಂತರೆ ಯಾವ ದಿನ, ಎಲ್ಲಿ ರೊಕ್ಕ ವಾಪಸು ಅಂತ ಟಿಕೀಟಿನ ಮೇಲೆಯೇ ಅಚ್ಚು ಹಾಕಿಸಿರಿ, ಆಟ ಮುಗಿಯುವ ತನಕ ಆ ರೊಕ್ಕ ಬೇರೆ ಖಾತೆಯಲ್ಲಿರಲಿ. ಡಿಪೋ ಮ್ಯಾನೇಜರರಿಗೆ ಮೊದಲೇ ಅರ್ಜಿ ಕೊಟ್ಟು ಹಾಡು ಮುಗಿದ ಮೇಲೆ ಒಂದು ಬಸ್ಸು ಬಿಡಿಸಲು ಪ್ರಯತ್ನ ಮಾಡಿರಿ.

ಪ್ರೇಕ್ಷಕರಿಗೆ ಒಂದೇ ಮಾತು. ಹೋಗುವುದು ನಿಕ್ಕಿ ಇದ್ದರೆ ಸಂತೆಯ ದಿನ ಬಂದಾಗಲೇ ಟಿಕೀಟು ಕೊಳ್ಳಿರಿ. ಆ ಇನ್ನೂರು ರೂಪಾಯಿ ಕೊನೆಯ ದಿನ ಕೊಟ್ಟರೂ ಅಷ್ಟೇ, ಎಂಟು ದಿನ ಮೊದಲು ಕೊಟ್ಟರೂ ಅಷ್ಟೇ. ಆದರೆ ಮೊದಲು ಕೊಟ್ಟರೆ ತಬಲಾದವನಿಗೆ “ಬಾ” ಅಂತ ಫೋನು ಹೋಗುತ್ತದೆ. ತಡ ಆದರೆ “ಬರಬ್ಯಾಡ” ಅಂತ ಹೋಗುತ್ತದೆ.

ಬೆಳಗಿನ ಮೊದಲ ಬಸ್ಸಿಗೆ ಹೋಗುವವರು ಒಮ್ಮೊಮ್ಮೆ ನೋಡಿರಬೇಕು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಬ್ಬ, ಚೀಲ ಹೊದಿಸಿದ ಡಗ್ಗಾ ತಲೆದಿಂಬು ಮಾಡಿಕೊಂಡು ಮಲಗಿರುತ್ತಾನೆ. ರಾತ್ರಿ ಬಾರಿಸಿದ ಪಗಾರ ಪೂರಾ ಸಿಕ್ಕಿತೋ, “ನಾಳೆ ಕೊಡ್ತೇನಿ” ಆಯಿತೋ, ಯಾರಿಗೆ ಗೊತ್ತು? ಅಂಗಡಿಯ ಗಲ್ಲಾದ ಪಕ್ಕ ಹರಿಯದೆ ಉಳಿದ ಟಿಕೀಟಿನ ಪುಸ್ತಕಕ್ಕೆ ಗೊತ್ತಿರಬಹುದು.